ಕವಯಿತ್ರಿಯ ಸಮಾಧಿಯ ಮುಂದೆ ನನ್ನ ಹಳೇ ಮ್ಯಾನೇಜರ್

ಆ ಮನುಷ್ಯನಿಗೆ ಒಂದು ದಿನ ಸರಿಯಾಗಿ ಮಾಡಬೇಕು ಅಂತ ಹಲ್ಲು ಕಚ್ಚಿಕೊಂಡು ಕಾದವಳು ನಾನು. ಕುವೈತಿನ ಶರ್ಕ್ ಪೇಟೆಯ ಒಂದು ಆಫೀಸಿನಲ್ಲಿ ಅವನ ಕೈಕೆಳಗೆ ಟೈಪಿಸ್ಟ್ ಆಗಿದ್ದೆ. ಅವನೂ ಮಂಗಳೂರು ಕಡೆಯವನೇ, ಇಬ್ಬರೂ ಹೋಗುವುದು ಒಂದೇ ಇಗರ್ಜಿಗೆ. ಊರಲ್ಲಿ ಅಮ್ಮ ತೀರಿಕೊಂಡ ಸುದ್ದಿ ಬಂದಾಗ ನನ್ನ ಪಾಸ್‌ಪೋರ್ಟ್ ಆಫೀಸಿನ ಕಪಾಟಿನಲ್ಲಿತ್ತು, ಬೀಗದ ಕೈ ಅವನ ಜೇಬಿನಲ್ಲಿ. "ಆಡಿಟ್ ಮುಗಿಯಲಿ, ಮತ್ತೆ ಹೋಗು. ಸತ್ತವರಿಗೆ ಎಂತ ಅವಸರ?" ಅಂದ. ಅಮ್ಮನ ಗುಂಡಿಗೆ ಒಂದು ಹಿಡಿ ಮಣ್ಣು ಹಾಕುವ ಭಾಗ್ಯವೂ ನನಗೆ ಸಿಗಲಿಲ್ಲ. ಅವನ ಮನೆ ಹಾಳಾಗಲಿ!

ಕೆಲವು ವರ್ಷ ಕಳೆದು, ನಾನು ಬೇರೆ ಕಂಪೆನಿ ಸೇರಿದ ಮೇಲೆ, ಇಗರ್ಜಿಯಿಂದ ಪವಿತ್ರ ನಾಡಿನ ಯಾತ್ರೆ ಹೊರಟಿತು. ಪಾಸ್‌ಪೋರ್ಟಿನಲ್ಲಿ ಯಹೂದಿಗಳ ಆ ದೇಶದ ಮುದ್ರೆ ಬಿದ್ದರೆ ಕುವೈತಿಗೆ ವಾಪಸ್ ಬರುವುದು ಕಷ್ಟ, ಹಾಗಾಗಿ ಗಡಿಯಲ್ಲಿ ಬೇರೆ ಕಾಗದದ ಮೇಲೆ ಒತ್ತಿಸಿಕೊಂಡೆವು. ಬಸ್ಸು ಹತ್ತಿದರೆ ಎದುರು ಸೀಟಿನಲ್ಲೇ ಈ ಪುಣ್ಯಾತ್ಮ, ಕೈಯಲ್ಲಿ ಜಪಮಾಲೆ! ನನಗೆ ಮೈಯೆಲ್ಲ ಉರಿಯಿತು.

ಗಲಿಲೇಯ ಸರೋವರದ ದಡದ ಒಂದು ಹಳೇ ಸ್ಮಶಾನಕ್ಕೆ ಗೈಡ್ ಕರೆದುಕೊಂಡು ಹೋದ. ಹೀಬ್ರೂ ಭಾಷೆಯ ಒಬ್ಬ ಕವಯಿತ್ರಿ ಅಲ್ಲಿ ಮಲಗಿದ್ದಾಳೆ, ಆ ಜನಕ್ಕೆ ಅವಳೆಂದರೆ ಪ್ರಾಣ. ಬಂದವರು ಹೂವಲ್ಲ, ನೆನಪಿಗೆ ಒಂದು ಸಣ್ಣ ಕಲ್ಲು ಇಟ್ಟು ಹೋಗುತ್ತಾರೆ ಅಂತ ಗೈಡ್ ಬಸ್ಸಿನಲ್ಲೇ ಹೇಳಿದ್ದ. ಆಗ ಮ್ಯಾನೇಜರ್ ಗೊರಕೆ ಹೊಡೆಯುತ್ತಿದ್ದ.

ಮರಗಳ ನೆರಳು, ಕೆಳಗೆ ನೀಲಿ ನೀರು. ಬಂದವರು ಓದಲಿ ಅಂತ ಸಮಾಧಿಯ ಹತ್ತಿರವೇ ಅವಳ ಕವಿತೆಯ ಪುಸ್ತಕ ಇಟ್ಟಿದ್ದರು. ಇವಳಿಗೆ ಗುರುತಿಲ್ಲದವರೆಲ್ಲ ಬರುತ್ತಾರೆ, ನನ್ನ ಅಮ್ಮನಿಗೆ ಹೆತ್ತ ಮಗಳೇ ಬರಲಿಲ್ಲ.

ಸತ್ತವರ ಹಬ್ಬಕ್ಕೆ ಮೊದಲು ಸಮಾಧಿ ಗುಡಿಸಿ ತೊಳೆಯುವುದು ನಮ್ಮವರ ಕ್ರಮ. ಮ್ಯಾನೇಜರ್ ಬಂದವನೇ, "ಛೇ, ಎಂತ ಕಸ ಮಾರಾಯ್ರೆ! ನೋಡುವವರೇ ಇಲ್ಲವಾ?" ಅನ್ನುತ್ತಾ ಕರವಸ್ತ್ರದಿಂದ ಕಲ್ಲುಗಳನ್ನೆಲ್ಲ ಕೆಳಗೆ ತಳ್ಳತೊಡಗಿದ. ನಾನು ತಡೆಯಲಿಲ್ಲ. "ಆ ಮೂಲೆಯಲ್ಲೂ ಉಂಟು ಸರ್" ಅಂದೆ.

ಬೆತ್ತ ಊರಿಕೊಂಡು ಬಂದ ಒಬ್ಬಳು ಅಜ್ಜಿ ಕಿರುಚಿದಳು. ಭಾಷೆ ಬಾರದಿದ್ದರೂ ಬೈಗುಳ ಅಂತ ಎಲ್ಲರಿಗೂ ತಿಳಿಯಿತು. ಗೈಡ್ ಓಡಿ ಬಂದು ತಲೆ ಚಚ್ಚಿಕೊಂಡ. ಪಾದ್ರಿಗಳ ಎದುರು, ಇಗರ್ಜಿಯವರೆಲ್ಲರ ಎದುರು, ಆ ದೊಡ್ಡ ಮನುಷ್ಯ ಮೊಣಕಾಲೂರಿ ಕಲ್ಲು ಹೆಕ್ಕಿ ಹೆಕ್ಕಿ ಮೇಲಿಟ್ಟ. ಆಹಾ, ನನ್ನ ಕಣ್ಣು ತಂಪಾಯಿತು!

"ನಿನಗೆ ಗೊತ್ತಿತ್ತಾ?" ಬೆವರು ಒರೆಸುತ್ತಾ ಕೇಳಿದ.

"ಗೊತ್ತಿತ್ತು."

"ಒಂದು ಮಾತು ಹೇಳಬಾರದಿತ್ತಾ?"

"ನನ್ನ ಅಮ್ಮನಿಗೆ ಮಣ್ಣು ಹಾಕಲಿಕ್ಕೆ ನೀವು ಬಿಟ್ಟಿರಾ?"

ಈ ಮಾತಿಗೇ ಇಷ್ಟು ವರ್ಷ ಕಾದಿದ್ದೆ. ಅವನ ಮುಖ ಬಾಡುವುದನ್ನು ನೋಡಲು ನಿಂತೆ.

ಅವನು ಎದ್ದು ನಿಂತು, ನಿಜವಾದ ಮರುಕದಿಂದಲೇ ಕೇಳಿದ: "ಅಯ್ಯೋ ದೇವರೇ, ನಿನ್ನ ಅಮ್ಮ ತೀರಿಹೋದರಾ? ಯಾವಾಗ?"