ಇಂಗ್ರಿಡ್ ಪ್ರೇಮದ ಬಾಡಿಗೆದಾರರು

ಮೊನ್ನೆ ಬೆಳಿಗ್ಗೆ ಬಾಗಿಲ ಸೀಳಿನಿಂದ ಲಕೋಟೆಯೊಂದು ಒಳಗೆ ಬಿತ್ತು. ಹಲ್ಲಿನ ಡಾಕ್ಟರು ತಪಾಸಣೆಗೆ ಕರೆದಿದ್ದರು, ಅಷ್ಟೆ. ಆದರೂ ಅದು ನೆಲಕ್ಕೆ ಬಿದ್ದ ಸದ್ದಿಗೆ ನನ್ನೆದೆ ಧಸಕ್ಕೆಂದಿತು. ಸ್ವಂತ ಮನೆಯಲ್ಲಿದ್ದೂ ಲಕೋಟೆಗೆ ಹೆದರುವ ಈ ಕಾಯಿಲೆ ನನಗೆ ಅಂಟಿದ್ದು ಪರದೇಶದ ಈ ಸೊಲ್ಲೆಂಟುನಾ ಊರಿಗೆ ಬಂದ ಹೊಸದರಲ್ಲಿ, ಎರಡು ಸಾವಿರದ ದಶಕದ ನಡುವಿನಲ್ಲಿ. ನೀವು ಯಾರ ಮನೆಯಲ್ಲಾದರೂ ಬಾಡಿಗೆಗಿದ್ದವರಾದರೆ ನನ್ನನ್ನು ಕ್ಷಮಿಸುತ್ತೀರಿ.

ಆಗ ನಾನು, ಹೆಂಡತಿ ಶೈಲಾ, ಡಾಗಿಸ್ ಎಂಬ ಶಿಶುವಿಹಾರಕ್ಕೆ ಹೋಗುತ್ತಿದ್ದ ಪುಟ್ಟ ಮಗಳು, ಮೂವರೂ ಇಂಗ್ರಿಡ್ ಎಂಬ ನರ್ಸಮ್ಮನ ಎರಡು ಕೋಣೆಯ ಫ್ಲಾಟಿನಲ್ಲಿದ್ದೆವು. ಈ ದೇಶದಲ್ಲಿ ಫ್ಲಾಟು ನಿಮ್ಮದೇ ಆದರೂ ಮನಸ್ಸು ಬಂದ ಹಾಗೆ ಬಾಡಿಗೆಗೆ ಕೊಡುವಂತಿಲ್ಲ. ಕಟ್ಟಡದ ಸಂಘಕ್ಕೆ ಕಾರಣ ಬರೆದುಕೊಟ್ಟು ಒಪ್ಪಿಗೆ ಪಡೆಯಬೇಕು. ಅದೂ ಒಂದೇ ವರ್ಷಕ್ಕೆ. ಇಂಗ್ರಿಡ್ ಬರೆದಿದ್ದ ಕಾರಣ 'ಪ್ರಾಯೋಗಿಕ ಸಹಜೀವನ'. ದೂರದ ಶೋವ್ಡೆ ಊರಿನ ಎಂಜಿನ್ ಕಾರ್ಖಾನೆಯಲ್ಲಿದ್ದ ಯೂರನ್ ಎಂಬಾತನೊಡನೆ ಬಾಳಿ ನೋಡಲು ಹೋಗಿದ್ದಳು. ಸಾಫ್ಟ್‌ವೇರ್ ಟೆಸ್ಟ್ ಮಾಡಿಯೇ ಹೊಟ್ಟೆ ಹೊರೆಯುತ್ತಿದ್ದ ನನಗೆ ಈ ಏರ್ಪಾಡಿನಲ್ಲಿ ತಪ್ಪೇನೂ ಕಾಣಲಿಲ್ಲ.

ವರ್ಷ ಮುಗಿಯುತ್ತ ಬಂದಾಗ ಕಷ್ಟ ಹೊಳೆಯಿತು. ಪ್ರೇಮ ಹಣ್ಣಾದರೆ ಇಂಗ್ರಿಡ್ ಈ ಫ್ಲಾಟು ಮಾರುತ್ತಾಳೆ, ಮುರಿದರೆ ತಾನೇ ವಾಪಸು ಬರುತ್ತಾಳೆ. ಎರಡರಲ್ಲೂ ಬೀದಿಗೆ ಬೀಳುವವರು ನಾವು. ಬಾಡಿಗೆ ಮನೆಗಳಿಗೆ ಇದ್ದ ಸರದಿಯಲ್ಲಿ ಹೆಸರು ಬರೆಸಿದ್ದೆವು ನಿಜ, ಆದರೆ ಅದು ಸಾಗುತ್ತಿದ್ದ ವೇಗಕ್ಕೆ ನಮ್ಮ ಮಗಳು ಬಾಣಂತನಕ್ಕೆ ಬರುವ ಹೊತ್ತಿಗೆ ಮನೆ ಸಿಗುವಂತಿತ್ತು. ಆದ್ದರಿಂದ ಆ ಪ್ರೇಮ ಕೂಡಲೂಬಾರದು, ಕೆಡಲೂಬಾರದು, ಇನ್ನೊಂದು ವರ್ಷ ಹಾಗೇ ತೂಗಾಡಬೇಕು. ದೀಪ ಹಚ್ಚುವಾಗ ಹೀಗೆಂದು ಬೇಡಿಕೋ ಅಂದರೆ, ದೇವರ ಹತ್ತಿರ ಅಂಥದ್ದೆಲ್ಲ ಕೇಳುವುದಕ್ಕಾಗುವುದಿಲ್ಲ ಎಂದುಬಿಟ್ಟಳು ಶೈಲಾ.

ಇಂಗ್ರಿಡ್ ತಿಂಗಳಿಗೊಮ್ಮೆ ತನ್ನ ಹೂಕುಂಡಗಳನ್ನು ವಿಚಾರಿಸಲು ಫೋನು ಮಾಡುತ್ತಿದ್ದಳು. ನಾನು ಯೂರನ್ ವಿಚಾರ ಕೇಳುತ್ತಿದ್ದೆ. ಜಗಳವಾಯಿತೆಂದರೆ ಸಮಾಧಾನ ಹೇಳುತ್ತಿದ್ದೆ. ತುಂಬ ಸಂತೋಷವಾಗಿದ್ದೇನೆಂದರೆ, ಗಂಡಸರನ್ನು ಅಷ್ಟು ಬೇಗ ನಂಬಬಾರದು ಅನ್ನುತ್ತಿದ್ದೆ. ನನ್ನ ಕಾಳಜಿಗೆ ಅವಳ ಕಣ್ಣು ತುಂಬಿ ಬರುತ್ತಿತ್ತಂತೆ.

ಸಂಘದ ಅಧ್ಯಕ್ಷರು ನಿವೃತ್ತ ಗಣಿತದ ಮೇಷ್ಟರು. ಅವಧಿ ವಿಸ್ತರಣೆಯ ಮಾತೆತ್ತಿದಾಗ ನನ್ನನ್ನು ಫಿಕಾಕ್ಕೆ ಕರೆದು, ಕಾಫಿ ಬಗ್ಗಿಸಿಕೊಟ್ಟು, ಪ್ರಯೋಗ ಎಂದ ಮೇಲೆ ವರ್ಷದೊಳಗೆ ಫಲಿತಾಂಶ ಬರಬೇಕಿತ್ತಲ್ಲವೇ ಎಂದು ವಿಚಾರಿಸಿದರು. ಕೆಲವು ಪ್ರಯೋಗ ನಿಧಾನ ಎಂದೆ. ಒಪ್ಪಿದರು. ಆದರೆ ತನಗಿನ್ನೂ ಖಾತ್ರಿಯಿಲ್ಲವೆಂದು ಇಂಗ್ರಿಡ್ ಸಹಿ ಮಾಡಿಕೊಡಬೇಕು ಎಂದರು.

ಅರ್ಜಿಯನ್ನು ಅವಳ ಸಹಿಗೆ ಕಳಿಸಿದೆ. ಮುಂದಿನ ಶನಿವಾರ ಅಂಚೆಯ ಬದಲು ಇಂಗ್ರಿಡ್ಡೇ ಬಂದಳು, ತನ್ನದೇ ಮನೆಯ ಗಂಟೆ ಒತ್ತಿ. ಅಡುಗೆಮನೆಯ ಮೇಜಿನ ಮೇಲೆ ಅರ್ಜಿ ಹರವಿಕೊಂಡು ಕೂತಳು. ಫ್ಲಾಟು ಮಾರಿ ಬಾ ಎಂದು ಯೂರನ್ ಕೇಳುತ್ತಿದ್ದಾನೆ, ಏನು ಬರೆಯಲಿ ಎಂದಳು. ಆತುರ ಬೇಡ, ಬದುಕಿನಲ್ಲಿ ಒಂದು ವರ್ಷ ಯಾವ ಲೆಕ್ಕ ಎಂದು ನಾನು ಶುರುಮಾಡಿದೆ. ಅಷ್ಟು ವಿವೇಕದ ಮಾತನ್ನು ಜನ್ಮದಲ್ಲೇ ಆಡಿರಲಿಲ್ಲ. ಚಪಾತಿ ಬೇಯಿಸುತ್ತಿದ್ದ ಶೈಲಾ ಒಲೆ ಸಣ್ಣಗೆ ಮಾಡಿ ಈ ಕಡೆ ತಿರುಗಿದಳು.

"ಅಲ್ಲಿ ನಿಂಗೆ ನಿದ್ದೆ ಚೆನ್ನಾಗಿ ಬರುತ್ತಾ?" ಎಂದು ತನ್ನ ಇಂಗ್ಲಿಷಿನಲ್ಲಿ ಕೇಳಿದಳು.

"ಬರುತ್ತೆ," ಎಂದಳು ಇಂಗ್ರಿಡ್.

"ಮತ್ತೆ ಈ ಮನೆ ಯಾಕೆ ಬೇಕು?"

"ಕೆಟ್ಟುಹೋದರೆ ವಾಪಸ್ ಬರೋಕೆ."

"ನಂಗೂ ಅಂಥ ಒಂದು ಮನೆ ಇದ್ದಿದ್ರೆ, ಮದುವೆಯಾದ ಮೊದಲನೇ ವಾರವೇ ಇವರನ್ನ ಬಿಟ್ಟು ಹೋಗ್ತಿದ್ದೆ," ಎಂದಳು ಶೈಲಾ.

ಇಂಗ್ರಿಡ್ ನಕ್ಕಳು. ನಾನೂ ನಕ್ಕೆ, ನಗಬೇಕಾಗಿರಲಿಲ್ಲ ಎಂದು ಹೊಳೆಯುವುದಕ್ಕೆ ತುಸು ಹೊತ್ತು ಹಿಡಿಯಿತು. ಅವಳು ಎರಡು ಚಪಾತಿ ತಿಂದು, ಅರ್ಜಿಯನ್ನು ನಾಲ್ಕಾಗಿ ಮಡಿಸಿ ಚೀಲಕ್ಕೆ ಹಾಕಿಕೊಂಡು ಮಧ್ಯಾಹ್ನದ ರೈಲಿಗೆ ಹೊರಟಳು.

ಎರಡು ವಾರಕ್ಕೆ ಲಕೋಟೆ ಬಂತು. ಪ್ರಯೋಗ ಯಶಸ್ವಿಯಾಗಿ ಮುಗಿದಿದೆ, ಮೂರು ತಿಂಗಳಲ್ಲಿ ಮನೆ ಖಾಲಿಮಾಡತಕ್ಕದ್ದು. ಎರಡು ದಿನ ನಾನು ಶೈಲಾಳನ್ನು ಮಾತಾಡಿಸಲಿಲ್ಲ. ಮೂರನೆಯ ದಿನ ಇರುವ ಮನೆಯನ್ನು ನೀನೇ ಕಳೆದೆ ಎಂದೆ. ಅವಳು ಬಟ್ಟೆ ಮಡಿಸುತ್ತಲೇ ಉತ್ತರ ಕೊಟ್ಟಳು.

"ಇನ್ನೊಬ್ಬರ ಸಂಸಾರ ಅರ್ಧಕ್ಕೆ ನಿಲ್ಲಿಸಿ ನಾವು ಸಂಸಾರ ಮಾಡೋದು ಬೇಡ ರೀ."

ಆಮೇಲೆ ಒಂದೂವರೆ ವರ್ಷ ಯಾರದೋ ಮನೆಯ ನೆಲಮಾಳಿಗೆಯಲ್ಲಿದ್ದೆವು. ಮಗಳ ಮಂಚದ ಪಕ್ಕದಲ್ಲೇ ಅವರ ಬಟ್ಟೆ ಒಗೆಯುವ ಯಂತ್ರ ಗುಡುಗುತ್ತಿತ್ತು. ಇಂಗ್ರಿಡ್ ಮತ್ತು ಯೂರನ್ ಇವತ್ತಿಗೂ ಒಟ್ಟಿಗಿದ್ದಾರೆ. ಮದುವೆ ಮಾತ್ರ ಇನ್ನೂ ಆಗಿಲ್ಲ.

ಹಲ್ಲಿನ ಡಾಕ್ಟರ ಲಕೋಟೆ ಬಂದ ಈ ವಾರದಲ್ಲೇ ಬೆಂಗಳೂರಿನಿಂದ ಭಾಮೈದನ ಫೋನೂ ಬಂತು. ಇಲ್ಲಿಗೆ ಬಂದ ಕೆಲವೇ ವರ್ಷಕ್ಕೆ, ಹಿಂದಿರುಗಿದಾಗ ಇರಲಿ ಎಂದು ನಾನು ವಿಜಯನಗರದಲ್ಲಿ ಒಂದು ಫ್ಲಾಟು ಕೊಂಡಿದ್ದೆ. ಅದನ್ನು ನೋಡಿಕೊಳ್ಳುವವನು ಅವನೇ.

"ಭಾವ, ಬಾಡಿಗೆಯವರು ಕೇಳ್ತಿದಾರೆ. ಇನ್ನೊಂದ್ ಹನ್ನೊಂದು ತಿಂಗಳಿಗೆ ಅಗ್ರಿಮೆಂಟ್ ಬರೀಲಾ, ಇಲ್ಲಾ ನೀವೇ ಬರ್ತೀರಾ?"

ಪ್ರತಿ ಸಲ ಹೇಳುವ ಉತ್ತರ ನಾಲಗೆಯ ತುದಿಗೆ ಬಂದಿತ್ತು: ಬರಿ, ಮುಂದಿನ ವರ್ಷ ನೋಡೋಣ. ಎದುರಿಗೆ ಶೈಲಾ ಹುರುಳಿಕಾಯಿ ಹೆಚ್ಚುತ್ತಿದ್ದಳು.

"ಅವರಿಗೇ ಆ ಮನೆ ಕೊಂಡುಕೊಳ್ಳೋ ಮನಸ್ಸಿದೆಯಾ, ಕೇಳಿ ನೋಡು," ಎಂದೆ.

ಶೈಲಾ ತಲೆಯೆತ್ತಿ, ನಾನು ಹೆಣ್ಣು ನೋಡಲು ಹೋಗಿದ್ದ ದಿನ ನೋಡಿದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನನ್ನನ್ನು ನೋಡಿದಳು.