ಆ ದಿನ ನಾನು ‘ರೈಟ್’ ಅಂದೆ

ಕೈಲಾಂಚದ ಡ್ರೈವರ್ ಪುಟ್ಟಸ್ವಾಮಿಯವರ ಕಾರು ಗೋಡೆಗೆ ಗುದ್ದಿದ್ದು ನನ್ನಿಂದ. ಬ್ರೇಕಿನ ಬದಲು ಅವರ ಕಾಲು ಎಕ್ಸಲೇಟರ್ ಒತ್ತಿತು ಅಂತ ಇವತ್ತಿಗೂ ಜನ ಹೇಳುತ್ತಾರೆ. ಅದು ಸುಳ್ಳು. ನಾನು ಚನ್ನಪಟ್ಟಣದ ನನ್ನ ಮನೆಯಲ್ಲಿ ಆ ಕಾರಿಗೆ ಒಂದು ಮರದ ಬುಷ್ ಕಡೆದುಕೊಟ್ಟಿದ್ದೆ. ಅವರು ಬೇಡ ಅಂದಿದ್ದರೂ ಅದರ ತೂತಿನೊಳಗೆ ಅರಗು ಹಚ್ಚಿದ್ದೆ. ಎಂಜಿನ್ನಿನ ಬಿಸಿಗೆ ಅರಗು ಕರಗಿ ಎಕ್ಸಲೇಟರಿನ ಸರಳನ್ನು ಹಿಡಿದುಕೊಂಡಿತು. ಇದು ನನಗೆ ಆ ದಿನವೇ ಗೊತ್ತಾಯಿತು. ಹೇಳಲಿಲ್ಲ. ಆರು ವರ್ಷ ಹೇಳಲಿಲ್ಲ.

ನನ್ನ ಹೆಸರು ನಸೀಮ. ಮರದ ಬೊಂಬೆ ಕಡೆಯುವುದು ನನ್ನ ಕೆಲಸ — ಬುಗುರಿ, ಗಿಲಕಿ, ಮಕ್ಕಳ ನಡೆಗಾಡಿ. ನನ್ನ ಅಪ್ಪ ಗೌಸ್ — ನನಗೆ ಅಬ್ಬ — ಬಸ್ ಕಂಡಕ್ಟರ್ ಆಗಿದ್ದರು. ರಾಮನಗರದಿಂದ ಕನಕಪುರಕ್ಕೆ ಹೋಗುತ್ತಿದ್ದ ಒಂದು ಖಾಸಗಿ ಬಸ್ಸು. ಅದರ ಡ್ರೈವರ್ ಪುಟ್ಟಸ್ವಾಮಿ. ಹುಟ್ಟಿದಾಗಿನಿಂದ ನಾನು ಅವರನ್ನು ಮಾಮ ಅಂತಲೇ ಕರೆದವಳು. ಅಬ್ಬ ಹಿಂದಿನ ಬಾಗಿಲಲ್ಲಿ ನಿಂತು ‘ರೈಟ್’ ಅನ್ನುವವರೆಗೆ ಮಾಮ ಕ್ಲಚ್ಚಿನಿಂದ ಕಾಲು ತೆಗೆಯುತ್ತಿರಲಿಲ್ಲ. ಅಂದ ಮೇಲೆ ಹಿಂದೆ ತಿರುಗಿ ನೋಡುತ್ತಲೂ ಇರಲಿಲ್ಲ. “ಗೌಸಣ್ಣ ರೈಟ್ ಅಂದ್ಮೇಲೆ ನಾನ್ಯಾಕ್ ನೋಡ್ಲಿ?” ಅನ್ನುತ್ತಿದ್ದರು. ಮೆಟ್ಟಿಲ ಮೇಲೆ ಯಾರ ಕಾಲೂ ಇಲ್ಲ, ಬಾಗಿಲಿಗೆ ಯಾರ ಬೆರಳೂ ಸಿಕ್ಕಿಲ್ಲ ಅಂತ ಕಣ್ಣಾರೆ ಕಂಡಮೇಲೆಯೇ ಆ ಮಾತು ಬಾಯಿಂದ ಬರಬೇಕು — ಅಬ್ಬ ಇದನ್ನು ಮನೆಯಲ್ಲಿ ಊಟಕ್ಕೆ ಕೂತಾಗಲೂ ಹೇಳುತ್ತಿದ್ದರು. ಅವರಿಬ್ಬರು ಅಷ್ಟು ವರ್ಷ ಓಡಿಸಿದ ಬಸ್ಸಿನಲ್ಲಿ ಒಂದು ಕೋಳಿಯೂ ಸಾಯಲಿಲ್ಲ.

ಅಬ್ಬ ತೀರಿಕೊಂಡರು. ಮಾಮ ಕೆಲಸ ಬಿಟ್ಟು ಮನೆಯಲ್ಲಿ ಕೂತರು. ಆಗ ಬಂತು ಆ ಕಾರು.

ಮಾಮ ಬಸ್ಸಿಗೆ ಬರುವ ಮೊದಲು ಕನಕಪುರದ ಕಡೆಯ ಒಬ್ಬ ಕಲ್ಲುಕ್ವಾರಿ ಯಜಮಾನರ ಕಾರು ಓಡಿಸುತ್ತಿದ್ದರಂತೆ. ಅಮೆರಿಕದಲ್ಲಿ ತಯಾರಾದ ಕಾರು. ಮುಂದಿನ ಸೀಟಿನಲ್ಲೇ ಮೂರು ಜನ ಸಲೀಸಾಗಿ ಕೂರುವಂಥದು. ಯಜಮಾನರು ಹೋದ ಮೇಲೆ ಅದು ಶೆಡ್ಡಿನಲ್ಲಿ ಕೊಳೆಯುತ್ತಾ ಬಿದ್ದಿತ್ತು, ಒಳಗೆ ಕೋಳಿ ಕಾವಿಗೆ ಕೂರುತ್ತಿದ್ದವು. ಶೆಡ್ ಖಾಲಿ ಮಾಡಬೇಕಾಗಿ ಬಂದಾಗ ಅವರ ಮನೆಯವರು, “ಗುಜರಿಗೆ ಹಾಕೋ ಬದ್ಲು ನೀನೇ ತಗಂಡೋಗು ಪುಟ್ಟಸ್ವಾಮಿ” ಅಂದರು. ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದರು. ಕೈಲಾಂಚದ ಮನೆಯ ಪಕ್ಕದಲ್ಲಿ ಶೀಟು ಹೊದಿಸಿದ ಕೊಟ್ಟಿಗೆಯೇ ಅದಕ್ಕೆ ಮನೆಯಾಯಿತು. ಊರವರು ಅದಕ್ಕೆ ‘ಅಮೆರಿಕ’ ಅಂತ ಹೆಸರಿಟ್ಟರು.

ಮಾಮನ ಹೆಂಡತಿ ಜಯಮ್ಮತ್ತೆ ಮೊದಲ ದಿನವೇ ನನ್ನ ಮುಂದೆ ದೂರು ಹೇಳಿದರು. “ನೋಡವ್ವ, ಎಮ್ಮೆ ಕಟ್ಟೋ ಜಾಗ್ದಲ್ಲಿ ಈ ಹಡಗು ಕಟ್ಟವ್ನೆ ನಿಮ್ ಮಾಮ. ಹಾಲೂ ಕೊಡಾಕಿಲ್ಲ, ಸಗಣೀನೂ ಹಾಕಾಕಿಲ್ಲ.”

“ಸುಮ್ಕಿರಮ್ಮಿ,” ಕಾರಿನ ಅಡಿಯಿಂದಲೇ ಮಾಮನ ದನಿ ಬಂತು, “ಒಸಿ ದಿನ ತಡ್ಕೊ, ಹೊಗೆ ಹಾಕ್ತದೆ.”

ಎರಡು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ತುಕ್ಕು ಹಿಡಿದ ತಳವನ್ನು ಕತ್ತರಿಸಿ ಹೊಸ ತಗಡು ಬೆಸೆದರು. ಎಂಜಿನ್ನನ್ನು ಬಿಚ್ಚಿ, ಗೋಣಿತಾಟಿನ ಮೇಲೆ ಸಾಲಾಗಿ ಹರವಿ, ಸೀಮೆಎಣ್ಣೆಯಲ್ಲಿ ತೊಳೆದು ಮತ್ತೆ ಜೋಡಿಸಿದರು. ಬಣ್ಣದ ವಿಷಯಕ್ಕೆ ಗಂಡಹೆಂಡಿರಿಗೆ ಜಗಳವಾಯಿತು — ಮಾಮನಿಗೆ ಹಿಪ್ಪುನೇರಳೆ ಎಲೆಯ ಹಸಿರು, ಅತ್ತೆಗೆ ಮಾವಿನಹಣ್ಣಿನ ಹಳದಿ. ಕೊನೆಗೆ ಮೈಯೆಲ್ಲ ಹಸಿರು, ನೆತ್ತಿ ಹಳದಿ. ನನ್ನ ಪಾಲಿಗೆ ಬಂದದ್ದು ಒಳಗಿನ ಅಲಂಕಾರ. ಗೇರಿನ ಗುಂಡು, ಕಿಟಕಿ ತಿರುಗಿಸುವ ಹಿಡಿಗಳು, ಮುಂದಿನ ಹಲಗೆಯ ಗುಂಡಿಗಳು — ಎಲ್ಲವನ್ನೂ ಹಾಲೆ ಮರದಲ್ಲಿ ಕಡೆದು, ಕೆಂಪು ಹಳದಿ ಅರಗು ಹಾಕಿ, ಹೊಳಪು ಕೊಟ್ಟೆ. ಮಾಮ ಬಂದವರಿಗೆಲ್ಲ ತೋರಿಸುತ್ತಿದ್ದರು. “ನಮ್ ನಸೀಮನ್ ಕೈ ಕಣ್ರಲಾ ಇದು. ಎಲ್ಡ್ನೇ ಸಲ ಕಡೆಯಂಗೇ ಇಲ್ಲ, ಒಂದೇ ಏಟು.”

ಈ ಮಾತು ನನಗೆ ಬಹಳ ಇಷ್ಟವಾಗಿತ್ತು. ಯಾಕೆ ಹೇಳುತ್ತಿದ್ದೇನೆ ಅಂದರೆ — ಇರಲಿ, ಮುಂದೆ ಹೇಳುತ್ತೇನೆ.

ಎಕ್ಸಲೇಟರ್ ಪೆಡಲ್ಲಿನಿಂದ ಒಂದು ಕಬ್ಬಿಣದ ಸರಳು ಎಂಜಿನ್ನಿನ ಕಡೆಗೆ ಹೋಗುತ್ತದೆ. ಮಧ್ಯೆ ಅಡ್ಡ ಇರುವ ತಗಡನ್ನು ಅದು ದಾಟುವ ಜಾಗದಲ್ಲಿ, ಸರಳು ಅಲ್ಲಾಡದೆ ಹಿಂದೆ ಮುಂದೆ ಜಾರಲಿ ಅಂತ, ಬಳೆಯಂತಹ ಒಂದು ಬುಷ್ ಇರುತ್ತದೆ. ಹಳೆಯದು ಪುಡಿಪುಡಿಯಾಗಿತ್ತು. ಆ ಅಳತೆಯದು ಬೆಂಗಳೂರಿನಲ್ಲೂ ಸಿಗಲಿಲ್ಲ. ಮಾಮ ಸರಳನ್ನೇ ಹಿಡಿದುಕೊಂಡು ನನ್ನ ಮನೆಗೆ ಬಂದರು.

“ಇದಕ್ ಮಾತ್ರ ನಿನ್ ಬಣ್ಣಗಿಣ್ಣ ಬ್ಯಾಡ ಕಣವ್ವ. ಅರಗೂ ಬ್ಯಾಡ, ಬಿಸಿ ಜಾಗ ಅದು. ಬರೀ ಮರ ಕಡ್ದು ಹರಳೆಣ್ಣೇಲಿ ನೆನೆಹಾಕು, ಸಾಕು.”

“ಆಯ್ತು ಮಾಮ,” ಅಂದೆ.

ಕಡೆದೆ. ಹೊರಗಿನ ಸುತ್ತು ಚೆನ್ನಾಗಿ ಬಂತು. ತೂತು ಕೊರೆಯುವಾಗ ಮಾತ್ರ ಒಂದು ನಂಬರ್ ದಪ್ಪದ ಬೈರಿಗೆ ಹಾಕಿಬಿಟ್ಟೆ. ಸರಳು ಅದರೊಳಗೆ ಲೊಡಲೊಡ ಅನ್ನುತ್ತಿತ್ತು. ಇನ್ನೊಂದು ಕಡೆಯಲು ಅರ್ಧ ಗಂಟೆ ಸಾಕಿತ್ತು. ಮರವೂ ಇತ್ತು, ಕರೆಂಟೂ ಇತ್ತು. ಆದರೆ ಮಾಮ ಹೊರಗೆ ಜಗಲಿಯ ಮೇಲೆ ಕೂತು ಟೀ ಕುಡಿಯುತ್ತಾ, ಪಕ್ಕದ ಮನೆಯವರಿಗೆ ಅದೇ ಮಾತು ಹೇಳುತ್ತಿದ್ದರು — ಒಂದೇ ಏಟು. ನಾನು ಲೇತನ್ನು ಮತ್ತೆ ಹಾಕಿದರೆ ಅವರಿಗೆ ಕೇಳಿಸುತ್ತದೆ.

ಬಣ್ಣವಿಲ್ಲದ ಅರಗನ್ನು ಬಿಸಿ ಮಾಡಿ, ಕಡ್ಡಿಯ ತುದಿಯಿಂದ ತೂತಿನೊಳಗೆ ಹಚ್ಚಿದೆ. ತಣ್ಣಗಾದ ಮೇಲೆ ಉಜ್ಜಿದೆ. ಸರಳು ಬೆಣ್ಣೆಯಲ್ಲಿ ಚಾಕು ಹೋದಂತೆ ಹೋಯಿತು. ಮೇಲೆ ಹರಳೆಣ್ಣೆ ಸವರಿ ಕೊಟ್ಟೆ.

ಅರಗು ಬಿಸಿಗೆ ಕರಗುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲವೇ? ನಾನು ದಿನವಿಡೀ ಮಾಡುವುದೇ ಅದು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತುತ್ತೇನೆ, ಉಜ್ಜುವ ಬಿಸಿಗೇ ಅದು ಕರಗಿ ಮರಕ್ಕೆ ಹಿಡಿಯುತ್ತದೆ. ಕುದಿಯುವ ನೀರಿನಷ್ಟು ಬಿಸಿಯೂ ಬೇಡ. ಚನ್ನಪಟ್ಟಣದ ಎಳೆಯ ಹುಡುಗಿಗೂ ಇದು ಗೊತ್ತು. ‘ಅಷ್ಟೇನೂ ಬಿಸಿಯಾಗಲಾರದು’ ಅಂತ ಅಂದುಕೊಂಡೆ. ಅಂದುಕೊಂಡೆನೋ — ಇಲ್ಲ, ಆ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡೆ, ಅಷ್ಟೇ. ನಂಬಿದ್ದೆ ಅಂತ ಹೇಳಲಾರೆ.

ಕಾರು ಹೊರಡಿಸಿದ ದಿನ ಬೆಳಿಗ್ಗೆ ನಾನೂ ಹೋಗಿದ್ದೆ. ಪೂಜೆ ನಿಧಾನವಾಯಿತು. ಕುಂಬಳಕಾಯಿ ಒಡೆದರು, ಚಕ್ರಕ್ಕೆ ನಿಂಬೆಹಣ್ಣು ಇಟ್ಟರು. ಮತ್ತೆ ಸ್ಟಾರ್ಟ್ ಆಗುತ್ತೋ ಇಲ್ಲವೋ ಅನ್ನುವ ಭಯಕ್ಕೆ ಮಾಮ ಎಂಜಿನ್ ನಿಲ್ಲಿಸಿರಲಿಲ್ಲ. ಅಷ್ಟು ಹೊತ್ತೂ ಅದು ನಿಂತಲ್ಲೇ ಬಿಸಿಯಾಗುತ್ತಿತ್ತು. ಬಾನೆಟ್ಟಿನ ಮೇಲೆ ಕೈ ಇಟ್ಟವಳು ಥಟ್ಟನೆ ತೆಗೆದೆ. ಆಗ ನೆನಪಾಯಿತು. ನೆನಪಾಯಿತು ಅನ್ನುವುದನ್ನು ಇಲ್ಲಿ ಬರೆಯಲೇಬೇಕು.

ಜಯಮ್ಮತ್ತೆ ಹೊಸ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕೂತರು. ಮಾಮ ಸ್ಟೇರಿಂಗಿಗೆ ಕೈ ಮುಗಿದು, ತಲೆ ಹೊರಗೆ ಹಾಕಿ ನನ್ನನ್ನು ಕೂಗಿದರು.

“ಎಲ್ಲವ್ವ ಕಂಡಕ್ಟ್ರು ಮಗ್ಳು? ನಿಮ್ಮಪ್ಪ ಇದ್ದಿದ್ರೆ ಅವನೇ ಹೇಳೋನು. ಹೇಳು, ಹೊಲ್ಡಿಸ್ತೀನಿ.”

ಎಲ್ಲರೂ ನನ್ನ ಕಡೆ ತಿರುಗಿದರು. ನಗುತ್ತಿದ್ದರು. ನಾನು ಹಿಂದಿನ ಚಕ್ರ ನೋಡಿದೆ, ಬಾಗಿಲು ನೋಡಿದೆ, ಅಬ್ಬ ನೋಡುತ್ತಿದ್ದ ಹಾಗೆಯೇ. ಬಾನೆಟ್ಟನ್ನು ನೋಡಲಿಲ್ಲ.

“ರೈಟ್, ಮಾಮ,” ಅಂದೆ.

ಕಾರು ಮುಂದಕ್ಕೆ ಹೋಯಿತು. ರಸ್ತೆಯ ತಿರುವಿನಲ್ಲಿ ನಿಧಾನವಾಗಬೇಕಿತ್ತು. ಆಗಲಿಲ್ಲ, ಎಂಜಿನ್ನಿನ ಸದ್ದು ಇಳಿಯುವ ಬದಲು ಹಾಗೇ ಉಳಿಯಿತು. ಬ್ರೇಕು ಹಿಡಿದ ಕಿರುಚು ಕೇಳಿತು. ಕಾರು ಓರೆಯಾಗಿ ಹೋಗಿ ರೇಷ್ಮೆ ಹುಳುಮನೆಯ ಗೋಡೆಗೆ ಗುದ್ದಿತು. ಮಾಮನಿಗೆ ಏನೂ ಆಗಲಿಲ್ಲ. ಜಯಮ್ಮತ್ತೆಯ ಸೊಂಟದ ಮೂಳೆ ಮುರಿಯಿತು.

ಅವರನ್ನು ಗೂಡ್ಸ್ ಆಟೋದಲ್ಲಿ ಮಲಗಿಸಿಕೊಂಡು ರಾಮನಗರದ ಆಸ್ಪತ್ರೆಗೆ ಹೋದರು. ಊರವರೆಲ್ಲ ಆಟೋದ ಹಿಂದೆ ಮುಖ್ಯರಸ್ತೆಯವರೆಗೆ ಓಡಿದರು. ಕಾರಿನ ಹತ್ತಿರ ನಾನೊಬ್ಬಳೇ ಉಳಿದೆ. ಬಾನೆಟ್ ಗುದ್ದಿಗೆ ತಾನಾಗಿಯೇ ಬಾಯಿ ತೆರೆದಿತ್ತು. ಬುಷ್ ಸರಳಿಗೆ ಅಂಟಿಕೊಂಡಿತ್ತು. ಅರಗಿನ ವಾಸನೆ — ನನ್ನ ಮನೆಯ ವಾಸನೆ — ಅಲ್ಲಿ ಬರುತ್ತಿತ್ತು. ಸರಳಿನ ತುದಿಯ ಪಿನ್ನು ಕಳಚಿ, ದುಪಟ್ಟಾದಲ್ಲಿ ಹಿಡಿದು ತಿರುಚಿ ಬುಷ್ ಎಳೆದೆ. ಬಿಸಿ ಇರುವಾಗಲೇ ಸರಳನ್ನು ಒರೆಸಿದೆ. ಪಿನ್ನು ಮತ್ತೆ ಹಾಕಿದೆ. ಇದೆಲ್ಲ ಗಾಬರಿಯಲ್ಲಿ ಆಗಿದ್ದಲ್ಲ. ಗಾಬರಿಯಾದವರು ಪಿನ್ನು ಮತ್ತೆ ಹಾಕುವುದಿಲ್ಲ.

ಮಾರನೆಯ ದಿನ ಮೆಕ್ಯಾನಿಕ್ ಬಂದು ನೋಡಿದ. ಮಾಮ ಅದೇ ಮಾತು ಹೇಳುತ್ತಿದ್ದರು: “ಪೆಡ್ಲು ಮೇಲಕ್ ಬರ್ನಿಲ್ಲ ಕಣ್ಲಾ. ನಾನ್ ಕಾಲ್ ತಗ್ದೆ, ಅದು ಬರ್ನಿಲ್ಲ.” ಅವನು ಪೆಡಲ್ ಒತ್ತಿ ಬಿಟ್ಟ. ಅದು ಮೇಲಕ್ಕೆ ಬಂತು. ಮತ್ತೆ ಒತ್ತಿದ, ಮತ್ತೆ ಬಂತು. “ಬತ್ತಾ ಐತಲ್ಲಣ್ಣ,” ಅಂದ. ಒಳಗೆ ಕೈ ಹಾಕಿ, “ಇಲ್ಲೊಂದು ಬುಷ್ ಇರ್ಬೇಕಿತ್ತಲ್ಲ?” ಅಂತ ಕೇಳಿದ.

ಮಾಮ ನನ್ನ ಮುಖ ನೋಡಿದರು. ಸಂಶಯದಿಂದಲ್ಲ, ಸುಮ್ಮನೆ.

“ಗುದ್ದಿದಾಗ ಬಿದ್ದೋಗಿರಬೇಕು, ಮಾಮ,” ಅಂದೆ.

ಮೆಕ್ಯಾನಿಕ್ ಕೈ ಒರೆಸಿಕೊಂಡು, ಆದಷ್ಟು ಮೆಲ್ಲಗೆ ಹೇಳಿದ. “ವಯಸ್ಸಾಯ್ತಲ್ಲಣ್ಣ. ಬಸ್ಸಿನ್ ಪೆಡ್ಲೇ ಬ್ಯಾರೆ, ಇದ್ರದ್ದೇ ಬ್ಯಾರೆ. ಕಾಲ್ ಬದಲಾಗೋಗದೆ.”

ಮಾಮ ತಮ್ಮ ಬಲಗಾಲನ್ನು ನೋಡಿಕೊಂಡರು.

ಅಲ್ಲಿಂದ ಮುಂದೆ ಅವರು ಏನನ್ನೂ ಓಡಿಸಲಿಲ್ಲ. ಡೈರಿಗೆ ಹಾಲು ಹಾಕಲು ಮೊಪೆಡ್ ಮುಟ್ಟುತ್ತಿರಲಿಲ್ಲ, ಕ್ಯಾನು ಹೊತ್ತುಕೊಂಡು ನಡೆಯುತ್ತಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಹಳೆಯ ಜೊತೆಗಾರರು, “ಏನ್ಲಾ ಪುಟ್ಟ, ಇವತ್ತು ಯಾವ್ ಕಾಲು?” ಅಂತ ಚುಡಾಯಿಸಿದರು, ಮಾಮ ಬಸ್‌ಸ್ಟ್ಯಾಂಡಿಗೆ ಹೋಗುವುದನ್ನೂ ಬಿಟ್ಟರು. ಕಾರಿನ ಮೇಲೆ ಟಾರ್ಪಾಲು ಬಿತ್ತು. ಜಯಮ್ಮತ್ತೆ ಕೋಲು ಹಿಡಿದು ಓಡಾಡುವಂತಾದರು. ನೋವು ಕಡಿಮೆ ಇದ್ದ ದಿನ ಅವರೂ ನಗೆಯಾಡುತ್ತಿದ್ದರು. “ಊರೋರ್ನೆಲ್ಲ ನೆಟ್ಗೆ ಇಳಿಸ್ದ. ನನ್ನೊಬ್ಳನ್ನ ಮಾತ್ರ ಗ್ವಾಡೆ ತಾವ ಇಳಿಸ್ದ.” ಮೊದಮೊದಲು ಮಾಮನೂ ನಗುತ್ತಿದ್ದರು. ಆಮೇಲೆ ನಗಲಿಲ್ಲ.

ಒಮ್ಮೆ ನಾನು ಹೇಳದೆ ಅವರ ಮನೆಗೆ ಹೋದೆ. ಮಾಮ ಹಿತ್ತಲ ಜಗಲಿಯ ಮೇಲೆ ಕೂತಿದ್ದರು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ಪೆಡಲ್ ಬರೆದುಕೊಂಡಿದ್ದರು. ಕಣ್ಣು ಮುಚ್ಚಿ ಬಲಗಾಲನ್ನು ಒಂದರಿಂದ ಇನ್ನೊಂದಕ್ಕೆ ಇಡುತ್ತಿದ್ದರು. ಕಣ್ಣು ಬಿಟ್ಟು, ಸರಿಯಾದ ಜಾಗದಲ್ಲಿ ಬಿದ್ದಿದೆಯೇ ಅಂತ ನೋಡುತ್ತಿದ್ದರು. ಪ್ರತಿ ಸಲವೂ ಸರಿಯಾಗಿ ಬೀಳುತ್ತಿತ್ತು. ನಾನು ಬಂದದ್ದು ಅವರಿಗೆ ತಿಳಿಯಲಿಲ್ಲ. ಹಾಗೇ ಹಿಂದಕ್ಕೆ ಬಂದು, ಬಸ್ಸು ಹತ್ತಿ ಮನೆಗೆ ಹೋದೆ.

ಆವತ್ತು ಹೇಳಬಹುದಿತ್ತು. ಜಯಮ್ಮತ್ತೆ ಆಗ ಒಳಗೆ ರಾಗಿ ಕೇರುತ್ತಿದ್ದರು.

ಕಳೆದ ವರ್ಷ ಅತ್ತೆ ಜ್ವರ ಬಂದು ತೀರಿಕೊಂಡರು. ಮಣ್ಣಿಗೆ ಹೋದಾಗ ಮಾಮ ನನ್ನ ಹತ್ತಿರ ಒಂದೇ ಮಾತು ಆಡಿದರು: “ಕುಂಟ್ಕಂಡೇ ಹೋದ್ಳಲ್ಲವ್ವ.” ಆಮೇಲೂ ನನಗೆ ಬಾಯಿ ಬರಲು ತಿಂಗಳುಗಟ್ಟಲೆ ಹಿಡಿಯಿತು.

ಈ ಯುಗಾದಿ ಕಳೆದ ಮೇಲೆ ಹೋದೆ. ಬುಷ್ ತೆಗೆದುಕೊಂಡು ಹೋಗಿದ್ದೆ — ಅದನ್ನು ಎಸೆಯಲು ನನಗೆ ಆಗಿರಲಿಲ್ಲ. ಮಧ್ಯಾಹ್ನದ ಹೊತ್ತು. ಅವರ ಕೈಯಲ್ಲಿ ಇಟ್ಟು, ಮೊದಲಿನಿಂದ ಹೇಳಿದೆ: ಬೈರಿಗೆ, ಅರಗು, ಬಾನೆಟ್ಟಿನ ಬಿಸಿ, ಪಿನ್ನು. ಅವರು ಬೆಳಕಿಗೆ ಹಿಡಿದು ನೋಡಿದರು. ಕಿರುಬೆರಳನ್ನು ತೂತಿನೊಳಗೆ ಹಾಕಿ, ಅರಗು ಗಂಟುಕಟ್ಟಿದ್ದ ಜಾಗವನ್ನು ಮುಟ್ಟಿದರು. ಬೈಯುತ್ತಾರೆ ಅಂತ ಕಾದೆ.

“ಅಂಗಾದ್ರೆ ನಾನ್ ಕಾಲು ತಗ್ದಿದ್ದೆ,” ಅಂದರು.

“ತೆಗೆದಿದ್ರಿ ಮಾಮ.”

ಗೋಡೆಗೆ ಒರಗಿಸಿಟ್ಟಿದ್ದ ಅತ್ತೆಯ ಕೋಲು ಇನ್ನೂ ಅಲ್ಲೇ ಇತ್ತು. ಮಾಮ ಅದನ್ನು ನೋಡುತ್ತಲೇ ಹೇಳಿದರು: “ನೀನ್ ರೈಟ್ ಅಂದೆ ಕಣವ್ವ. ನಾನ್ ಕ್ಲಚ್ ಬುಟ್ಟೆ.”

ಅಷ್ಟೇ. ನಾನು ಎದ್ದೆ.

ಹೊರಡುವಾಗ ಬಾಗಿಲವರೆಗೆ ಬಂದರು. “ನಂಗ್ ಹೇಳ್ದೆ. ಅವ್ಳಿಗ್ ಹೇಳಕ್ಕಾಗಕಿಲ್ಲ. ಊರಿಗೆ?” ಅಂತ ಕೇಳಿದರು. ಬುಷ್ ಅವರ ಕೈಯಲ್ಲೇ ಉಳಿಯಿತು. ನನಗೆ ವಾಪಸ್ ಕೊಡಲಿಲ್ಲ, ನಾನು ಕೇಳಲೂ ಇಲ್ಲ.

ಅದಕ್ಕೆ ಇದನ್ನು ನನ್ನ ಹೆಸರು ಹಾಕಿಯೇ ಬರೆದಿದ್ದೇನೆ. ಪತ್ರಿಕೆಯಲ್ಲಿ ಅಚ್ಚಾದ ದಿನ ಇದನ್ನು ಹಿಡಿದುಕೊಂಡು ರಾಮನಗರದ ಬಸ್‌ಸ್ಟ್ಯಾಂಡಿಗೆ ಹೋಗುತ್ತೇನೆ. ಮಾಮನ ಹಳೆಯ ಜೊತೆಗಾರರು ಟೀ ಕುಡಿಯುವ ಜಾಗ ನನಗೆ ಗೊತ್ತು, ಅಬ್ಬನ ಜೊತೆ ಚಿಕ್ಕಂದಿನಿಂದ ಹೋಗಿದ್ದೇನೆ. ಓದಲು ಬರದವರಿಗೆ ಓದಿ ಹೇಳುತ್ತೇನೆ: ಆ ದಿನ ಪುಟ್ಟಸ್ವಾಮಿಯವರ ಕಾಲು ಬ್ರೇಕಿನ ಮೇಲೆಯೇ ಇತ್ತು.