ಗಾಜಿನ ಮೇಲೆ ಮಲಮಲ್ ತುಂಡು

ಚೆನ್ನವ್ವನಷ್ಟು ಸಿಡುಕಿನ ಹೆಂಗಸನ್ನು ಇಚಲಕರಂಜಿಯಲ್ಲಿ ನಾನು ಬೇರೆ ಕಂಡಿಲ್ಲ. ಯಡ್ರಾವದ ಮಗ್ಗದ ಶೆಡ್ಡಿನಲ್ಲಿ ಬಟ್ಟೆಯ ದೋಷ ಹುಡುಕುತ್ತಿದ್ದವಳು, ಎಂಬತ್ತೇಳನೇ ಇಸವಿಯಲ್ಲಿ ಆಬಾಸಾಹೇಬನ ಝೆರಾಕ್ಸ್ ಅಂಗಡಿ ಸೇರಿದ್ದಳು. ಮಷೀನಿನ ಗಾಜಿನ ಮೇಲೆ ಮಲಮಲ್ ತುಂಡು ಹಾಸಿ ಮೊದಲು ಅದರ ಪ್ರತಿ ತೆಗೆಯುವಳು. ಉದ್ದದ ಹಾಸು, ಅಡ್ಡದ ಹೊಕ್ಕು ಎರಡರ ಎಳೆಗಳೂ ಬಿಡಿಬಿಡಿಯಾಗಿ ಮೂಡಿದರೆ ಮಷೀನು ಸರಿ. ಇಲ್ಲದಿದ್ದರೆ ಯಾರ ಕಾಗದವನ್ನೂ ಮುಟ್ಟಳು.

ನನ್ನ ಕೂಸಿನ ಎದೆಯಲ್ಲಿ ಏನೋ ಸಪ್ಪಳವೆಂದು ಈಸಿಜಿ ತೆಗೆಸಿದ್ದರು. ಮಿರಜದ ದೊಡ್ಡ ಡಾಕ್ಟರಿಗೆ ತೋರಿಸಬೇಕು. ಮೂಲ ಕಾಗದ ಒಯ್ಯುವಂತಿಲ್ಲ, ಝೆರಾಕ್ಸ್ ಮಾಡಿಸಿಕೊಂಡು ತಿರುಗಿ ತಂದುಬಿಡಿ ಎಂದಿದ್ದ ಆಸ್ಪತ್ರೆಯ ಕಾರಕೂನ. ಕೂಸನ್ನು ಕಂಕುಳಲ್ಲಿ ಇರುಕಿಕೊಂಡು ಆಬಾಸಾಹೇಬನ ಅಂಗಡಿಗೆ ಓಡಿದೆ.

ಚೆನ್ನವ್ವ ಅರಿವೆಯ ಪ್ರತಿ ನೋಡಿ ಮುಖ ಗಂಟಿಕ್ಕಿದಳು. "ಹೊಕ್ಕಿನ ಎಳಿ ಕಲಸ್ಯಾವ. ಒಳಗ ದೀಪ ತಡವರಿಸಿ ಓಡಾಕತ್ತೈತಿ. ಇದರಾಗ ಕೂಸಿನ ಗೆರಿ ತಗದ್ರ ಇಲ್ಲದ ಏರಿಳಿತ ಕಾಣ್ತಾವ್ರಿ."

"ಏ ಚೆನ್ನವ್ವಾಬಾಯಿ, ಗಿರಾಯ್ಕ ನಿಂತೈತಿ, ನಿನ್ನ ಚಿಂದಿ ತಗಿ!" ಆಬಾಸಾಹೇಬ ಗದರಿದ. "ಹಾಳಿ ಪಾಂಢರಾ-ಶುಭ್ರ, ಬೆಳ್ಳಗ ಬರ್ತೈತಿ, ಮತ್ತೇನ ಬೇಕು?"

"ನೀವು ಬೆಳಕ ಏರಿಸೀರಿ, ಅದಕ್ಕ ಬಿಳಿ. ಸಣ್ಣ ಗೆರಿ ಎಲ್ಲಿ ಹೋತು?"

ಅವನೇ ಗುಂಡಿ ಒತ್ತಿ ನನ್ನ ಕೈಗೆ ಪ್ರತಿ ತುರುಕಿದ. ಗೆರೆಯ ಚಿಕ್ಕ ಉಬ್ಬುಗಳು ಮಾಯ, ದೊಡ್ಡವು ಎರಡೆರಡು! ನನ್ನ ಮೈಯೆಲ್ಲ ಉರಿಯಿತು.

"ಕೂಸಿನ ಎದೀಗೆ ಸುಣ್ಣ ಬಳೀತೀರೇನ್ರಿ?" ಎಂದೆ.

"ಘಾಬರೂ ನಕಾ, ಹೆದರಬ್ಯಾಡ್ರಿ, ತಾಯಂದಿರಿಗೆ ಎಲ್ಲಾ ಡೊಂಕ ಕಾಣ್ತೈತಿ," ಎಂದು ನಕ್ಕ. ಚೆನ್ನವ್ವ ಪ್ರತಿಯನ್ನು ಕಿತ್ತುಕೊಂಡು ಹರಿದೊಗೆದಳು.

"ನಾಳಿಂದ ಕೆಲಸಕ್ಕ ಬರಬ್ಯಾಡ!"

"ನಾಳಿ ಯಾಕ, ಈಗ ಹೋಗ್ತೇನಿ. ನಡೀರಿ ಅಕ್ಕಾರ."

ಮೂಲವನ್ನೇ ಒಯ್ಯುತ್ತೇವೆಂದಾಗ ಆಸ್ಪತ್ರೆಯಲ್ಲಿ ಕಾರಕೂನ ನಿಯಮ ಹೇಳಿದ. "ನಿಯಮ ನಿಮ್ಮ ಕಪಾಟಿನ್ಯಾಗ ಇಡ್ರಿ. ಎದಿ ಈ ಕೂಸಿಂದು!" ಎಂದಳು ಚೆನ್ನವ್ವ. ಅವನು ಕೂಗುತ್ತಲೇ ಇದ್ದ, ನಾವು ಮೂಲ ಕಾಗದದೊಂದಿಗೆ ಎಸ್‌ಟಿ ಬಸ್ಸು ಹತ್ತಿದೆವು.

ಮಿರಜದ ಡಾಕ್ಟರು ಕಾಗದವನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕೂಸಿನ ಎದೆಗೆ ನಳಿಗೆಯಿಟ್ಟು ಕೇಳಿದರು. "ಸದ್ಯ ಆಪರೇಷನ್ ಬೇಡ. ಗೆರೆ ಸರಿಯಾಗಿದೆ."

ನನಗೆ ಅಳು ಬಂತು. ಚೆನ್ನವ್ವ ಮಾತ್ರ ಡಾಕ್ಟರನ್ನೇ ದಬಾಯಿಸಿದಳು: "ಸದ್ಯ ಅಂದ್ರ ಎಷ್ಟ ದಿನಾರಿ?"

ಮರುದಿನ ಆಬಾಸಾಹೇಬನನ್ನು ಕೇಳಲು ಹೋದೆ, ಅವಳನ್ನು ತಿರುಗಿ ಕರೆಯಿರಿ ಎಂದು. ಬಾಯಿಗೆ ಬಂದಂತೆ ಬೈದೆ ಕೂಡ. ಸಾಲಿನಲ್ಲಿ ನಿಂತವರು ನನಗೇ ಬುದ್ಧಿ ಹೇಳಿದರು:

"ಸುಮ್ಮನ ಯಾಕ ಒದರ್ತೀರಿ ಬಾಯಾರ? ಝೆರಾಕ್ಸ ಎಷ್ಟ ಬೆಳ್ಳಗ ಬರಾಕತ್ತಾವ, ನೋಡ್ರಿ!"